ಅರ ಹಿಡಿಯಲು ಕಲಿಸಿದವರು



ದತ್ತಿ ಉಪನ್ಯಾಸ ಎಂದರೆ ಸಾಮಾನ್ಯವಾಗಿ ಒಬ್ಬ ಕವಿಯ ಮೇಲೋ ಒಬ್ಬ ಸಮಾಜ ಸುಧಾರಕರ ಮೇಲೋ ಮಾತಾಡುವುದು ವಾಡಿಕೆ. ಈ ದತ್ತಿಯ ಪತ್ರದಲ್ಲಿ ದುಡಿಮೆಗೆ ಸಂಬಂಧಪಟ್ಟ ಯಾವುದೇ ವಿಷಯ ಆಗಬಹುದು ಎಂದಷ್ಟೇ ಇದೆಯಂತೆ. ಹಾಗಾಗಿ ಉಪನ್ಯಾಸ ಏರ್ಪಡಿಸಿದ ಸಂಘದವರು ಆಯ್ಕೆಯನ್ನು ನನಗೇ ಬಿಟ್ಟರು. ನಾನು ಕಸುಬು ಕಲಿಸುವವರನ್ನು ಆರಿಸಿಕೊಂಡೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐಟಿಐಗಳಲ್ಲಿ, ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕೆಲಸ ಹೇಳಿಕೊಡುವವರು, ಹತ್ತಿಪ್ಪತ್ತು ದಿನದಲ್ಲಿ ಒಬ್ಬ ಹೆಣ್ಣುಮಗಳನ್ನು ಸ್ವಂತ ಅಂಗಡಿಗೆ ಅಣಿಮಾಡುವವರು, ಕಚೇರಿಯ ಮೂಲೆಯಲ್ಲಿ ಕೂತು ಯಾವ ಕೆಲಸಕ್ಕೆ ಹೇಗೆ ಹೋಗಬೇಕೆಂದು ಹುಡುಗರಿಗೆ ದಾರಿ ಹೇಳುವವರು. ಇವರ ಮೇಲೆ ಕನ್ನಡದಲ್ಲಿ ನಾವು ಬರೆದದ್ದು ಬಹಳ ಕಡಿಮೆ.

ಸನ್ಮಾನದ ದಿನಗಳಿಗೇನೂ ನಮ್ಮಲ್ಲಿ ಬರವಿಲ್ಲ. ಸೆಪ್ಟೆಂಬರ್ 5 ಶಿಕ್ಷಕರ ದಿನ. 15ರಂದು ವಿಶ್ವೇಶ್ವರಯ್ಯನವರ ಜನ್ಮದಿನ, ಎಂಜಿನಿಯರುಗಳ ದಿನ. 17 ವಿಶ್ವಕರ್ಮ ಜಯಂತಿ. ಜುಲೈ 15ನ್ನು ವಿಶ್ವಸಂಸ್ಥೆಯವರು ಯುವ ಕೌಶಲ ದಿನ ಎಂದು 2014ರಲ್ಲೇ ಗೊತ್ತುಮಾಡಿದ್ದಾರೆ. ಶಿಕ್ಷಕರ ದಿನದಂದು ಐಟಿಐ ಬೋಧಕರು ನೆನಪಾಗುವುದಿಲ್ಲ, ಶಾಲೆ ಕಾಲೇಜಿನವರೇ ಸಾಕಷ್ಟಿರುತ್ತಾರೆ. ಎಂಜಿನಿಯರುಗಳ ದಿನ ಪದವಿ ಇದ್ದವರದು. ಆಯುಧಪೂಜೆಯ ದಿನ ಲೇತಿಗೆ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಬಾಗಿಲಲ್ಲಿ ಕುಂಬಳಕಾಯಿ ಒಡೆಯುತ್ತೇವೆ. ಲೇತು ಓಡಿಸಲು ಕಲಿಸಿದವರ ಕೊರಳಿಗೆ ಹಾರ ಬಿದ್ದದ್ದನ್ನು ನಾನು ನೋಡಿದ್ದು ಅವರ ನಿವೃತ್ತಿಯ ದಿನ ಮಾತ್ರ.

ಸರ್ಕಾರಿ ಐಟಿಐಯಲ್ಲಿ ಇವರ ಹುದ್ದೆಯ ಹೆಸರು ಕಿರಿಯ ತರಬೇತಿ ಅಧಿಕಾರಿ, ಆಡುವ ಮಾತಿನಲ್ಲಿ ಜೆಟಿಒ. ಇವರು ಮಾಡುತ್ತಿರುವ ಕೆಲಸ ನಮ್ಮ ಸಮಾಜದ ಚರಿತ್ರೆಯಲ್ಲಿ ತೀರ ಹೊಸದು ಎಂಬುದನ್ನು ನಾವು ಗಮನಿಸಿಯೇ ಇಲ್ಲ. ಕಸುಬು ನಮ್ಮಲ್ಲಿ ಸಾವಿರಾರು ವರ್ಷ ಮನೆಯೊಳಗಿನ ಆಸ್ತಿಯಾಗಿತ್ತು. ಕಬ್ಬಿಣ ಕಾದು ಯಾವ ಬಣ್ಣಕ್ಕೆ ತಿರುಗಿದಾಗ ನೀರಿಗೆ ಅದ್ದಬೇಕು ಎಂಬುದನ್ನು ಕಮ್ಮಾರ ತನ್ನ ಮಗನಿಗೆ ತೋರಿಸುತ್ತಿದ್ದ, ಮಗನಿಲ್ಲದಿದ್ದರೆ ತಮ್ಮನ ಮಗನಿಗೆ. ಪಕ್ಕದ ಕೇರಿಯ ಹುಡುಗ ಕುಲುಮೆಯ ತಿದಿ ಒತ್ತಬಹುದಿತ್ತು, ಹದದ ಗುಟ್ಟು ಅವನಿಗೆ ಸಿಗುತ್ತಿರಲಿಲ್ಲ. ಇವತ್ತು ತಾಲ್ಲೂಕು ಕೇಂದ್ರದ ಐಟಿಐಯಲ್ಲಿ ಜೆಟಿಒ ಅದೇ ಗುಟ್ಟನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ: ಉಕ್ಕು ತೆಳು ಹಳದಿಗೆ ಬಂದರೆ ಸುಮಾರು 230 ಡಿಗ್ರಿ, ನೀಲಿಗೆ ಬಂದರೆ ಸುಮಾರು 300 ಡಿಗ್ರಿ, ಯಾವ ಉಪಕರಣಕ್ಕೆ ಯಾವ ಬಣ್ಣ ಎಂದು. ಎದುರಿಗೆ ಕೂತವರಲ್ಲಿ ಕುರುಬರ ಹುಡುಗನಿದ್ದಾನೆ, ಮಾದಿಗರ ಹುಡುಗನಿದ್ದಾನೆ, ಲಿಂಗಾಯತರ, ಒಕ್ಕಲಿಗರ, ಮುಸಲ್ಮಾನರ ಹುಡುಗರಿದ್ದಾರೆ. ಒಬ್ಬನೂ ಮೇಷ್ಟರ ಬಂಧುವಲ್ಲ. ಎಲ್ಲರೂ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಕುಲಕಸುಬು ಎಂಬುದರ ಬೇಲಿ ನಮ್ಮಲ್ಲಿ ಭಾಷಣಗಳಿಂದ ಸಡಿಲವಾದದ್ದಕ್ಕಿಂತ ಇಂಥ ಕೋಣೆಗಳಲ್ಲಿ ಹೆಚ್ಚು ಸಡಿಲವಾಯಿತು ಎಂದು ನಾನು ನಂಬಿದ್ದೇನೆ.

ಇಂಥ ಸಭೆಯಲ್ಲಿ ಕಾಯಕದ ಮಾತು ಬರಲೇಬೇಕು, ತಾವೂ ಕಾಯುತ್ತಿರಬಹುದು. ಹನ್ನೆರಡನೆಯ ಶತಮಾನದ ಶರಣರು ಕಸುಬನ್ನು ಹೆಸರಿನ ಹಿಂದೆಯೇ ಇಟ್ಟುಕೊಂಡರು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಕಸುಬಿಗೆ ಅವರು ಕೊಟ್ಟ ಮರ್ಯಾದೆ ದೊಡ್ಡದು. ಆದರೆ ದೋಣಿಗೆ ಹುಟ್ಟು ಹಾಕುವುದನ್ನು ಚೌಡಯ್ಯನಿಗೆ ಕಲಿಸಿದವರು ಯಾರೆಂದು ಯಾರೂ ಬರೆದಿಡಲಿಲ್ಲ. ಆ ಕಾಲದಲ್ಲಿ ಅದು ಕೇಳುವ ಪ್ರಶ್ನೆಯೂ ಆಗಿರಲಿಲ್ಲ. ಅಪ್ಪ ಕಲಿಸಿರುತ್ತಾನೆ, ಮತ್ತೆ ಯಾರು?

ಮನೆಯ ಹೊರಗೆ ಕಸುಬು ಕಲಿಸುವ ಕೆಲಸಕ್ಕೆ ಮೈಸೂರು ಸೀಮೆಯಲ್ಲಿ ಒತ್ತಾಸೆಯಾದವರಲ್ಲಿ ವಿಶ್ವೇಶ್ವರಯ್ಯನವರು ಮುಖ್ಯರು. ಅಣೆಕಟ್ಟಿನ ಕಥೆ ಎಲ್ಲರಿಗೂ ಗೊತ್ತು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿನ ಕಥೆ ಅಷ್ಟು ಜನರಿಗೆ ಗೊತ್ತಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಡೆಸಿಕೊಟ್ಟದ್ದಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಅವರು ಮುಟ್ಟಲಿಲ್ಲ. ಆ ಹಣದಿಂದ ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆ ಆಗಲಿ ಎಂದರು. ಸಂಸ್ಥೆಗೆ ಅವರ ಹೆಸರಿಡುವ ಮಾತು ಬಂದಾಗ ಬೇಡವೆಂದು ಮಹಾರಾಜರ ಹೆಸರನ್ನು ಇಡಿಸಿದರು. ಶೇಷಾದ್ರಿ ರಸ್ತೆಯಲ್ಲಿರುವ ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಹಣ ಬಿಟ್ಟುಕೊಟ್ಟವರ ಹೆಸರು ಹೀಗೆ ಬಾಯಿಮಾತಿನಲ್ಲಾದರೂ ಉಳಿದಿದೆ, ಹೆಸರು ಕೊಟ್ಟ ಮಹಾರಾಜರದು ಫಲಕದ ಮೇಲಿದೆ. ಅಲ್ಲಿ ಮೊದಲ ದಿನ ಹುಡುಗರ ಮುಂದೆ ನಿಂತು ಪಾಠ ಶುರುಮಾಡಿದ ಬೋಧಕರ ಹೆಸರನ್ನು ಕೇಳಿದರೆ ಹೇಳುವವರು ಸಿಗುವುದಿಲ್ಲ.

ಅಖಿಲ ಭಾರತದ ಮಟ್ಟದಲ್ಲಿ ಈ ಕೆಲಸ ಶುರುವಾದದ್ದು ಯುದ್ಧದ ನೆರಳಿನಲ್ಲಿ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಂತೆ ಸೈನ್ಯದಿಂದ ಮನೆಗೆ ಬರುವ ಲಕ್ಷಾಂತರ ಜನರಿಗೆ ಕೆಲಸ ಹುಡುಕಿಕೊಡಬೇಕಾಗಿತ್ತು. ಅದಕ್ಕಾಗಿ 1945ರ ಜುಲೈನಲ್ಲಿ ಒಂದು ನಿರ್ದೇಶನಾಲಯ ತೆರೆದರು, ಉದ್ಯೋಗ ವಿನಿಮಯ ಕಚೇರಿಗಳು ಬಂದವು. ದೇಶವಿಭಜನೆಯಾದ ಮೇಲೆ ನಿರಾಶ್ರಿತರು ಬಂದು ಅದೇ ಸಾಲಿನಲ್ಲಿ ನಿಂತರು. 1948ರ ಹೊತ್ತಿಗೆ ಬಾಗಿಲು ಎಲ್ಲರಿಗೂ ತೆರೆಯಿತು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂತು. ನಮ್ಮ ಐಟಿಐಗಳು ಅದರ ಕೂಸುಗಳು.

ಇದೆಲ್ಲ ಆಗ ದಿಲ್ಲಿಯ ಹಿಡಿತದಲ್ಲಿತ್ತು. ಅದನ್ನು ರಾಜ್ಯಗಳಿಗೆ ಬಿಟ್ಟುಕೊಡಬೇಕೆಂದು ಹೇಳಿದ ಸಮಿತಿಯ ಅಧ್ಯಕ್ಷರು ಬೆನಗಲ್ ಶಿವರಾವ್. ದಕ್ಷಿಣ ಕನ್ನಡದವರು, ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು, ಮೊದಲ ಲೋಕಸಭೆಯಲ್ಲಿ ನಮ್ಮ ಕರಾವಳಿಯ ಪ್ರತಿನಿಧಿ. ಸಂವಿಧಾನ ರಚನೆಯ ದಾಖಲೆಗಳನ್ನು ಸಂಪುಟಗಳಾಗಿ ಸಂಪಾದಿಸಿಕೊಟ್ಟವರೆಂದು ಅವರನ್ನು ಬಲ್ಲವರುಂಟು. ಅವರ ಅಣ್ಣ ಬೆನಗಲ್ ರಾಮರಾವ್ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು ಎಂದೂ ಹೇಳುತ್ತಾರೆ. ಉದ್ಯೋಗ ಸೇವೆಯ ಮೇಲೆ ಅವರು 1954ರಲ್ಲಿ ಕೊಟ್ಟ ವರದಿ ಯಾರ ನೆನಪಿನಲ್ಲೂ ಇಲ್ಲ. ಆ ವರದಿಯಂತೆ ಐಟಿಐಗಳ ಮತ್ತು ಉದ್ಯೋಗ ವಿನಿಮಯ ಕಚೇರಿಗಳ ದೈನಂದಿನ ಆಡಳಿತ ರಾಜ್ಯ ಸರ್ಕಾರಗಳ ಕೈಗೆ ಬಂದದ್ದು 1956ರ ನವೆಂಬರ್ 1ರಂದು. ಹೌದು, ಕನ್ನಡ ನಾಡು ಒಂದಾದ ದಿನವೇ. ಹೊಸ ಮೈಸೂರು ರಾಜ್ಯ ಹುಟ್ಟಿದ ಬೆಳಿಗ್ಗೆಯೇ ಕಸುಬು ಕಲಿಸುವ ಹೊಣೆಯೂ ಅದರ ಹೆಗಲಿಗೆ ಬಂತು. ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿ ಏಕೀಕರಣದ ಕಥೆ ಕೇಳುತ್ತೇವೆ, ಈ ತುಣುಕನ್ನು ಯಾರೂ ಹೇಳುವುದಿಲ್ಲ.

ಈಗ ಕಾರ್ಯಾಗಾರದ ಒಳಕ್ಕೆ ಬನ್ನಿ. ಸನ್ಮಾನಿಸುವ ಮೊದಲು ಏನು ಮಾಡುತ್ತಾರೆಂದು ನೋಡಬೇಕಲ್ಲ.

ಫಿಟ್ಟರ್ ಟ್ರೇಡಿಗೆ ಸೇರಿದ ಹುಡುಗನ ಕೈಗೆ ಮೊದಲು ಬರುವುದು ಅರ, ಎಲ್ಲರೂ ಫೈಲು ಎನ್ನುತ್ತಾರೆ. ಬೆಂಚ್ ವೈಸಿನಲ್ಲಿ ಒಂದು ಕಬ್ಬಿಣದ ಪಟ್ಟಿ ಕಚ್ಚಿಸಿ, ಅದರ ಮೇಲ್ಮೈಯನ್ನು ಮಟ್ಟ ಮಾಡು ಎಂದು ಹೇಳುತ್ತಾರೆ. ನೋಡುವವರಿಗೆ ಇದರಲ್ಲೇನೂ ಕಾಣುವುದಿಲ್ಲ. ಅರದ ಹಲ್ಲು ಕಬ್ಬಿಣವನ್ನು ಕಚ್ಚುವುದು ಮುಂದಕ್ಕೆ ತಳ್ಳುವಾಗ ಮಾತ್ರ, ಹಿಂದಕ್ಕೆ ಎಳೆಯುವಾಗ ಭಾರ ಬಿಟ್ಟು ಎಳೆಯಬೇಕು. ಹೊಸಬನಿಗೆ ಇದು ಗೊತ್ತಿರುವುದಿಲ್ಲ, ಎರಡೂ ಕಡೆ ಒತ್ತಿ ಉಜ್ಜುತ್ತಾನೆ, ಹಲ್ಲು ಬೇಗ ಮೊಂಡಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮತ್ತೊಂದಿದೆ. ತಳ್ಳುವಾಗ ಶುರುವಿನಲ್ಲಿ ಎಡಗೈಯ ಒತ್ತಡ ಹೆಚ್ಚಿರಬೇಕು, ಮುಂದೆ ಹೋದಂತೆ ಅದು ಕಡಿಮೆಯಾಗಿ ಬಲಗೈಗೆ ಬರಬೇಕು. ಈ ಬದಲಾವಣೆ ನಯವಾಗಿ ಆಗದಿದ್ದರೆ ಅರ ತೂಗುತ್ತದೆ. ಪಟ್ಟಿಯ ಎರಡು ಅಂಚು ತಗ್ಗಿ ನಡುವೆ ಉಬ್ಬುತ್ತದೆ. ಹುಡುಗ ತನ್ನ ಪಟ್ಟಿ ಮಟ್ಟವಾಯಿತೆಂದು ಸಂತೋಷಪಡುತ್ತಾನೆ. ಮೇಷ್ಟ್ರು ಬಂದು ಪಟ್ಟಿಯ ಮೇಲೆ ಮೂಲೆಮಟ್ಟವನ್ನು ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕೆಳಗಿನ ಸಂದಿನಲ್ಲಿ ಎರಡೂ ಬದಿಗೆ ಬೆಳಕು ಕಾಣುತ್ತದೆ. ಅವರು ಬೈಯುವುದಿಲ್ಲ, ಹುಡುಗನ ಕೈಗೆ ಮೂಲೆಮಟ್ಟ ಕೊಟ್ಟು ನೀನೇ ನೋಡು ಎನ್ನುತ್ತಾರೆ.

ಮತ್ತೆ ಶುರು. ಈ ಸಲ ಅವರು ಹುಡುಗನ ಪಾದ ನೋಡುತ್ತಾರೆ. ಎಡಗಾಲು ಮುಂದೆ, ಬಲಗಾಲು ಹಿಂದೆ, ವೈಸಿನ ದವಡೆ ಮೊಣಕೈಯ ಎತ್ತರಕ್ಕೆ. ಕುಳ್ಳ ಹುಡುಗನಾದರೆ ಕಾಲಡಿಗೆ ಒಂದು ಮರದ ಹಲಗೆ ಇಡುತ್ತಾರೆ. ಒಳ್ಳೆಯ ಬೋಧಕರು ಕಣ್ಣುಮುಚ್ಚಿಕೊಂಡು ನಡೆದರೂ ಯಾವ ಬೆಂಚಿನಲ್ಲಿ ಅರ ಜಾರುತ್ತಿದೆ, ಯಾವುದರಲ್ಲಿ ಕಚ್ಚುತ್ತಿದೆ ಎಂದು ಸದ್ದಿನಲ್ಲೇ ಹೇಳಬಲ್ಲರು. ವೆಲ್ಡಿಂಗ್ ವಿಭಾಗದವರಿಗೂ ಕಿವಿಯೇ ಮುಖ್ಯ. ಎಲೆಕ್ಟ್ರೋಡಿನ ಅಂತರ ಸರಿಯಿದ್ದರೆ ಕಾದ ಎಣ್ಣೆಗೆ ಬಜ್ಜಿ ಬಿಟ್ಟ ಹಾಗೆ ಸದ್ದು ಬರಬೇಕು ಎಂದು ಹುಡುಗರಿಗೆ ಹೇಳಿಕೊಡುತ್ತಾರೆ. ಟರ್ನರ್ ವಿಭಾಗದಲ್ಲಿ ಮೊದಲ ಪಾಠ ಕತ್ತರಿಸುವುದಲ್ಲ, ಲೇತಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನ ಕೀಲಿಯನ್ನು ಅದರಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಬಾರದು ಎಂಬುದು. ಬಿಟ್ಟರೆ ಕೀಲಿ ಗುಂಡಿನ ಹಾಗೆ ಹಾರುತ್ತದೆ. ತುಂಬು ತೋಳಿನ ಅಂಗಿ ಮಡಿಸಬೇಕು, ಉಂಗುರ, ಕೈದಾರ ಬಿಚ್ಚಿಡಬೇಕು. ಬೆಟ್ಟಕ್ಕೆ ಹೋಗಿ ಹರಕೆಯ ದಾರ ಕಟ್ಟಿಸಿಕೊಂಡು ಬಂದ ಹುಡುಗನಿಂದ ಅದನ್ನು ಬಿಚ್ಚಿಸುವುದೂ ಬೋಧಕರ ಕೆಲಸವೇ, ಮನಸ್ಸು ನೋಯಿಸದೆ.

ವಾರಗಟ್ಟಲೆ ಬರಿಯ ಅರ ಉಜ್ಜಿ ಬೇಸತ್ತು ಕೆಲವರು ಓಡಿಹೋಗುತ್ತಾರೆ. ಉಳಿದವರ ಕೈಗೆ ವರ್ನಿಯರ್ ಕ್ಯಾಲಿಪರ್ ಬರುತ್ತದೆ. ಅದರಲ್ಲಿ ಓದಬಹುದಾದ ಅತಿ ಚಿಕ್ಕ ಅಳತೆ 0.02 ಮಿಲಿಮೀಟರ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಒಂದು ಚೌಕದ ತುಂಡು, ಅದು ಕೂರುವ ಚೌಕದ ತೂತು, ಎರಡನ್ನೂ ಕೈಯಲ್ಲೇ ಅರದಿಂದ ಮಾಡಿ ಒಂದರೊಳಗೊಂದು ಕೂರಿಸಬೇಕು. ಯಾವ ಬದಿಗೆ ತಿರುಗಿಸಿ ಹಾಕಿದರೂ ಕೂರಬೇಕು. ಕಂಪ್ಯೂಟರ್ ನಡೆಸುವ ಯಂತ್ರಗಳು ಬಂದಿರುವ ಈ ಕಾಲದಲ್ಲಿ ಇದೆಲ್ಲ ಯಾಕೆಂದು ಕೇಳುವವರಿದ್ದಾರೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಈಗ ಬೇಕೆಂದೇ ನನ್ನ ಅಭಿಪ್ರಾಯ. ಕೂದಲೆಳೆಯ ಅಳತೆಯನ್ನು ಒಮ್ಮೆ ಕೈಯಿಂದ ದುಡಿದು ಪಡೆದವನು ಮುಂದೆ ಪರದೆಯ ಮೇಲಿನ ಅಂಕಿಯನ್ನು ಸುಮ್ಮನೆ ನಂಬುವುದಿಲ್ಲ. ಅಂಕಿ ತಪ್ಪಿದಾಗ ಅವನಿಗೆ ಗೊತ್ತಾಗುತ್ತದೆ.

ಈ ಕಲಿಸುವಿಕೆಗೆ ಒಂದು ಶಾಸ್ತ್ರವೂ ಇದೆ. ಅಮೆರಿಕದ ಚಾರ್ಲ್ಸ್ ಅಲೆನ್ ಎಂಬವರು ಮೊದಲ ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುವವರಿಗೆ ತರಬೇತಿ ಕೊಡುತ್ತ ರೂಪಿಸಿದ ನಾಲ್ಕು ಹಂತಗಳ ಕ್ರಮ: ಕಲಿಯುವವನ ಮನಸ್ಸನ್ನು ಅಣಿಮಾಡುವುದು, ಮಾಡಿ ತೋರಿಸುವುದು, ಅವನಿಂದ ಮಾಡಿಸುವುದು, ಪರೀಕ್ಷಿಸುವುದು. 1919ರಲ್ಲಿ ಅವರ ಪುಸ್ತಕ ಬಂತು. ನಮ್ಮ ಬೋಧಕರು ಒಂದು ವರ್ಷದ ಬೋಧಕ ತರಬೇತಿಗೆ ಹೋದಾಗ ಇದನ್ನೇ ಓದುತ್ತಾರೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1971ರಲ್ಲಿ ಜರ್ಮನಿಯ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ನೆರವಿನಿಂದ ಶುರುವಾದ ಫೋರ್‌ಮನ್ ತರಬೇತಿ ಸಂಸ್ಥೆ ಇಂದು ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಾಗಿ ಬೋಧಕರನ್ನೇ ತಯಾರು ಮಾಡುತ್ತಿದೆ. ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕಿನ ಸಹಾಯದಿಂದ ಬಂತು, ತಾಂತ್ರಿಕ ತರಬೇತಿಯ ಎನ್‌ಟಿಟಿಎಫ್ ಸಂಸ್ಥೆ ಸ್ವಿಸ್ ಸಹಕಾರದಿಂದ 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಹುಟ್ಟಿತು. ಜರ್ಮನಿಯವರಲ್ಲಿ ನಾನು ಮೆಚ್ಚುವುದು ಅವರ ಯಂತ್ರಗಳಿಗಿಂತ ಒಂದು ನಿಯಮವನ್ನು. ಅಲ್ಲಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್‌ಗಳಿಗೆ ಕಲಿಸುವವರು ಕೆಲಸ ಬಲ್ಲವರಾದರೆ ಸಾಲದು, ಕಲಿಸಲು ಬರುತ್ತದೆಯೇ ಎಂಬುದನ್ನೂ ತೋರಿಸಿಕೊಡಬೇಕು. ಅದಕ್ಕೆ 1972ರಿಂದ ಪ್ರತ್ಯೇಕ ಕಟ್ಟಳೆಯಿದೆ, ಪರೀಕ್ಷೆಯಿದೆ. ನಮ್ಮಲ್ಲಿ ಅಪ್ರೆಂಟಿಸ್ ಕಾಯ್ದೆ 1961ರಷ್ಟು ಹಳೆಯದು, ಆದರೆ ಕಾರ್ಖಾನೆಗೆ ಹೋದ ಎಷ್ಟೋ ಹುಡುಗರಿಗೆ ಮೊದಲ ಮೂರು ತಿಂಗಳು ಯಾರೂ ಏನೂ ಕಲಿಸುವುದಿಲ್ಲ. ಗುಡಿಸು, ಸಾಮಾನು ಎತ್ತು, ಟೀ ತಾ ಎನ್ನುತ್ತಾರೆ.

ಆಗ ಹುಡುಗ ಫೋನ್ ಮಾಡುವುದು ಯಾರಿಗೆ? ಅಪ್ಪನಿಗೆ ಹೇಳಿದರೆ ಊರಿಗೆ ಬಾ ಎಂದುಬಿಡುತ್ತಾರೆ. ಅವನು ಐಟಿಐ ಸರ್‌ಗೆ ಫೋನ್ ಮಾಡುತ್ತಾನೆ. ಪೀಣ್ಯದ ಕೋಣೆಯಲ್ಲಿ ಎಂಟು ಜನ, ರಾತ್ರಿ ಪಾಳಿ, ಅನ್ನ ಸೇರುತ್ತಿಲ್ಲ, ವಾಪಸ್ ಬರ್ತೀನಿ ಸರ್ ಎನ್ನುತ್ತಾನೆ. ಅವರು 'ಒಂದು ತಿಂಗಳು ತಡಿಯೋ, ಆಮೇಲೆ ನೋಡೋಣ' ಎನ್ನುತ್ತಾರೆ. ಆ ಕಾರ್ಖಾನೆಯಲ್ಲಿ ತಮ್ಮ ಹಳೆಯ ವಿದ್ಯಾರ್ಥಿ ಸೂಪರ್‌ವೈಸರ್ ಆಗಿದ್ದರೆ ಅವನಿಗೂ ಒಂದು ಫೋನ್ ಮಾಡುತ್ತಾರೆ. ಹಳೆಯ ವಿದ್ಯಾರ್ಥಿ ಹೊಸಬನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗುತ್ತಾನೆ. ಇಷ್ಟೇ. ಎಷ್ಟೋ ಜನರ ಬದುಕು ಕಾರ್ಖಾನೆಯಲ್ಲಿ ನಿಂತದ್ದು ಈ ಎರಡು ಫೋನ್‌ಗಳಿಂದ. ಇದು ಹಾಜರಿ ಪುಸ್ತಕದಲ್ಲಿ ಬರುವುದಿಲ್ಲ, ಇದಕ್ಕೆ ಭತ್ಯೆಯಿಲ್ಲ. ಕರಾವಳಿಯ ಐಟಿಐಗಳವರಿಗೆ ದುಬೈ, ಮಸ್ಕತ್‌ನಿಂದಲೂ ಇಂಥ ಕರೆಗಳು ಬರುತ್ತವೆ. ಎಸಿ ಮೆಕ್ಯಾನಿಕ್ ಆಗಿ ಹೋದವನು ಅಲ್ಲಿ ಹೊಸ ಮಾದರಿಯ ಯಂತ್ರ ಕಂಡು ಫೋಟೊ ಕಳಿಸಿ ಕೇಳುತ್ತಾನೆ. ಬೋಧಕರೂ ಆ ಯಂತ್ರವನ್ನು ಅದೇ ಮೊದಲು ನೋಡುತ್ತಿರುತ್ತಾರೆ.

ಉದ್ಯೋಗ ವಿನಿಮಯ ಕಚೇರಿಯವರ ಬಗ್ಗೆ ಎರಡು ಮಾತು. ನಮ್ಮ ತಲೆಮಾರಿನವರಿಗೆ ಆ ಎಂಪ್ಲಾಯ್‌ಮೆಂಟ್ ಕಾರ್ಡು, ಮೂರು ವರ್ಷಕ್ಕೊಮ್ಮೆ ಅದರ ನವೀಕರಣ, ಎಂದೂ ಬಾರದ ಸಂದರ್ಶನ ಪತ್ರ, ಎಲ್ಲ ಚೆನ್ನಾಗಿ ನೆನಪಿದೆ. ಕಚೇರಿಯನ್ನು ಬೈದುಕೊಂಡವರೇ ಹೆಚ್ಚು. ಅಲ್ಲಿನ ವೃತ್ತಿ ಮಾರ್ಗದರ್ಶನ ವಿಭಾಗದಲ್ಲಿ ಕೂತು, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಹುಡುಗಿಗೆ ಪ್ಯಾರಾಮೆಡಿಕಲ್ ಕೋರ್ಸ್ ಎಂದರೇನು, ಅರ್ಜಿ ಎಲ್ಲಿ ಸಿಗುತ್ತದೆ ಎಂದು ಬಿಡಿಸಿ ಹೇಳಿದ ಅಧಿಕಾರಿಗಳೂ ಇದ್ದರು. ಮಾಹಿತಿ ಸಿಗದಿದ್ದ ಆ ಕಾಲದಲ್ಲಿ ಒಂದು ಸರಿಯಾದ ವಿಳಾಸ ಕೊಡುವುದೂ ದೊಡ್ಡ ಉಪಕಾರವಾಗಿತ್ತು. ಈಗ ಮಾಹಿತಿಯ ಪ್ರವಾಹವೇ ಇದೆ, ಆದರೆ ನಿನಗೆ ಇದು ಆಗುತ್ತದೆ, ಅದು ಆಗುವುದಿಲ್ಲ ಎಂದು ಮುಖ ನೋಡಿ ಹೇಳುವವರು ಕಡಿಮೆಯಾಗಿದ್ದಾರೆ.

ಸಂಬಳದ ಕೆಲಸ ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಹುಟ್ಟಿದ ಇನ್ನೊಂದು ದಾರಿ ನಮ್ಮ ನಾಡಿನಿಂದಲೇ ದೇಶಕ್ಕೆ ಹೋಯಿತು. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ವಿದ್ಯಾಸಂಸ್ಥೆ, ಜೊತೆಗೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಗೂಡಿಸಿದ್ದವು.  ಬಡ ಯುವಕರನ್ನು ಕರೆತಂದು, ಊಟ ವಸತಿ ಕೊಟ್ಟು, ಹಣ ತೆಗೆದುಕೊಳ್ಳದೆ ಕೆಲವು ವಾರ ತರಬೇತಿ ಕೊಟ್ಟು, ಬ್ಯಾಂಕ್ ಸಾಲಕ್ಕೆ ಜೋಡಿಸಿ, ಆಮೇಲೆ ಎರಡು ವರ್ಷ ಬೆನ್ನು ಬಿಡದೆ ವಿಚಾರಿಸಿಕೊಳ್ಳುವ ಕ್ರಮ ಅದು. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಎತ್ತಿಕೊಂಡು ಜಿಲ್ಲೆಗೊಂದು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಎಂದಿತು. ಇಂದು ಬಿಹಾರದಲ್ಲೋ ಅಸ್ಸಾಮಿನಲ್ಲೋ ಒಬ್ಬಳು ಹೆಂಗಸು ಹೊಲಿಗೆ ಯಂತ್ರದ ಮುಂದೆ ಕೂತು ಕಲಿಯುತ್ತಿದ್ದರೆ ಆ ಪದ್ಧತಿಯ ಬೇರು ಉಜಿರೆಯಲ್ಲಿದೆ.

ಅಲ್ಲಿನ ತರಬೇತುದಾರರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊದಲ ದಿನಗಳಲ್ಲಿ ಕಸುಬಿನ ಮಾತೇ ಇರುವುದಿಲ್ಲ, ಆಟ ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ ನಿಲ್ಲಿಸಿ ಬಳೆಯಂಥ ಉಂಗುರಗಳನ್ನು ಅದಕ್ಕೆ ಎಸೆಯಿರಿ ಎನ್ನುತ್ತಾರೆ. ಎಷ್ಟು ದೂರ ನಿಲ್ಲಬೇಕೆಂಬುದು ಎಸೆಯುವವರ ಇಷ್ಟ, ದೂರ ಹೆಚ್ಚಿದಂತೆ ಅಂಕ ಹೆಚ್ಚು. ಕೆಲವರು ಗೂಟದ ಮೇಲೇ ಬಗ್ಗಿ ಹಾಕುತ್ತಾರೆ, ಅಂಕ ಸಿಗುವುದಿಲ್ಲ. ಕೆಲವರು ಬೀದಿಯಾಚೆ ನಿಂತು ಎಸೆದು ನಗಿಸುತ್ತಾರೆ, ಒಂದೂ ಬೀಳುವುದಿಲ್ಲ. ಒಂದಿಬ್ಬರು ಮಾತ್ರ ಮೊದಲ ಎಸೆತ ತಪ್ಪಿದ ಮೇಲೆ ಒಂದು ಹೆಜ್ಜೆ ಮುಂದೆ ಬಂದು, ಬಿದ್ದ ಮೇಲೆ ಅರ್ಧ ಹೆಜ್ಜೆ ಹಿಂದೆ ಸರಿದು ತಮ್ಮ ಜಾಗ ಕಂಡುಕೊಳ್ಳುತ್ತಾರೆ. ತರಬೇತುದಾರರು ಬರೆದುಕೊಳ್ಳುವುದು ಉಂಗುರ ಬಿತ್ತೇ ಇಲ್ಲವೇ ಎಂಬುದನ್ನಲ್ಲ, ಹೆಜ್ಜೆಯನ್ನು. ಎಮ್ಮೆ ಕೊಳ್ಳಲು ಸಾಲ ಮಾಡುವವರು ಒಂದಕ್ಕೆ ಹೆದರಿ ನಿಲ್ಲುತ್ತಾರೋ, ಹತ್ತಕ್ಕೆ ಹಾರಿ ಬೀಳುತ್ತಾರೋ ಎಂಬುದು ಆ ಆಟದಲ್ಲೇ ಗೊತ್ತಾಗುತ್ತದೆ. ಈ ಆಟದ ಹಿಂದಿನ ವಿಚಾರ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಅವರದು. 1964ರಲ್ಲಿ ಅವರು ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಇಂಥ ತರಬೇತಿ ಕೊಡಿಸಿ, ಸಾಧಿಸುವ ಹಂಬಲವನ್ನು ಕಲಿಸಬಹುದೇ ಎಂದು ಪರೀಕ್ಷಿಸಿದ್ದರು.

ಆದರೆ ನನ್ನ ಮಟ್ಟಿಗೆ ಆ ಪದ್ಧತಿಯ ಜೀವ ಇರುವುದು ತರಬೇತಿ ಮುಗಿದ ಮೇಲಿನ ಆ ಎರಡು ವರ್ಷಗಳಲ್ಲಿ. ಮೋಟಾರು ರಿವೈಂಡಿಂಗ್ ಕಲಿತು ಹೋದ ಹುಡುಗ ಅಂಗಡಿ ಹಾಕಿದನೇ, ಹಾಕಿದರೆ ಬಾಗಿಲು ಮುಚ್ಚಿದನೇ, ಬ್ಯಾಂಕಿನ ಮ್ಯಾನೇಜರು ಸಾಲದ ಅರ್ಜಿಯನ್ನು ಬದಿಗಿಟ್ಟಿದ್ದಾರೆಯೇ ಎಂದು ತರಬೇತುದಾರರು ಬಸ್ಸು ಹತ್ತಿ ಹೋಗಿ ನೋಡಬೇಕು. ಮನೆಯ ಬಾಗಿಲಿಗೇ ಹೋದಾಗ ನಿಜ ತಿಳಿಯುತ್ತದೆ. ಹೊಲಿಗೆ ಕಲಿತು ಹೋದವಳ ಗಂಡ ಯಂತ್ರ ಮಾರಿರುತ್ತಾನೆ, ಇಲ್ಲವೇ ಅತ್ತೆಯೇ ಗಿರಾಕಿ ಹಿಡಿದುಕೊಡುತ್ತಿರುತ್ತಾಳೆ. ಕಲಿಸಿದ್ದು ಏನಾಯಿತೆಂದು ಹೋಗಿ ನೋಡುವ ಈ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಇಲ್ಲ. ನಾನು ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಹೇಳಿದವನು, ಬೇಡಿಕೆಯ ರೇಖೆ ಎಷ್ಟು ಸಾರಿ ಎಳೆದಿದ್ದೇನೋ. ಕಲಿತವರು ಏನಾದರೆಂದು ಅವರ ಮನೆಗೆ ಹೋಗಿ ನೋಡುವ ಕಟ್ಟಳೆ ನಮಗೆ ಇದ್ದಿದ್ದರೆ ಪಠ್ಯಕ್ರಮ ಎಂದೋ ಬದಲಾಗುತ್ತಿತ್ತು.

ಇನ್ನೊಂದು ಸಂಸ್ಥೆಯನ್ನು ಹೆಸರಿಸದೆ ಮುಂದೆ ಹೋಗಲಾರೆ. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಘ, ಅಂದರೆ ಎಪಿಡಿಯನ್ನು ಕಟ್ಟಿದರು. ಅಂಗವಿಕಲರಿಗೆ ಕೈಗಾರಿಕಾ ತರಬೇತಿ, ತೋಟಗಾರಿಕೆಯ ತರಬೇತಿ ಅಲ್ಲಿ ನಡೆದುಬಂದಿದೆ. ಕಾಲಿನ ಬಲವಿಲ್ಲದವನು ಬೆಂಚಿನ ಮುಂದೆ ಕೂತು ಕೆಲಸ ಮಾಡಬೇಕಾದರೆ ಬೆಂಚಿನ ಎತ್ತರ ಬದಲಾಗಬೇಕು, ಹಿಡಿ ಬದಲಾಗಬೇಕು, ಕಲಿಸುವವರ ತಾಳ್ಮೆಯೂ ಬದಲಾಗಬೇಕು.

ಸನ್ಮಾನಕ್ಕೆ ಬರುತ್ತೇನೆ. ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. 2019ರಲ್ಲಿ ಕೇಂದ್ರದ ಕೌಶಲಾಭಿವೃದ್ಧಿ ಸಚಿವಾಲಯ ಕೌಶಲಾಚಾರ್ಯ ಪ್ರಶಸ್ತಿ ಶುರುಮಾಡಿತು. 2022ರ ವಿಶ್ವಕರ್ಮ ಜಯಂತಿಯಂದು ಮೊದಲ ಬಾರಿಗೆ ದೇಶದ ಐಟಿಐಗಳಿಗೆ ಘಟಿಕೋತ್ಸವ ಮಾಡಿದರು. 2024ರ ಶಿಕ್ಷಕರ ದಿನದಂದು ರಾಷ್ಟ್ರಪತಿಗಳು ಪ್ರಶಸ್ತಿ ಕೊಟ್ಟ 82 ಶಿಕ್ಷಕರಲ್ಲಿ 16 ಮಂದಿ ಕೌಶಲ ತರಬೇತಿಯವರು. ಇದು ಒಳ್ಳೆಯ ಆರಂಭ, ಮೆಚ್ಚಬೇಕು. ನಮ್ಮ ರಾಜ್ಯದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದರು, ರೋಬಾಟ್, ವಿದ್ಯುತ್ ವಾಹನದಂಥ ಹೊಸ ವಿಷಯಗಳು ಬಂದವು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಹಳೆಯ ಲೇತುಗಳನ್ನು ಎಣ್ಣೆ ಹಾಕಿ ಹಾಕಿ ಉಳಿಸಿಕೊಂಡು ಬಂದ ಕಾರ್ಯಾಗಾರಗಳ ಪಕ್ಕದಲ್ಲೇ ಎಸಿ ಹಾಕಿದ ಹೊಸ ಕಟ್ಟಡಗಳು ಎದ್ದಿವೆ. ಕಂಪನಿ ಮುಚ್ಚಿದರೂ ಲೇತು ತಿರುಗುತ್ತಿದೆ ಎಂಬುದು ಕಲಿಸುವವರ ಕೈಗುಣ.

ಆದರೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದರೆ ಸಾಲದು. ಈ ಜನಕ್ಕೆ ಬೇಕಾದ ಗೌರವ ಬೇರೆ ಇದೆ. ಖಾಯಂ ಹುದ್ದೆ ಖಾಲಿ ಬಿಟ್ಟು ಅತಿಥಿ ಬೋಧಕರಿಂದ ವರ್ಷ ದೂಡುವುದು ಅಗೌರವ. ಜೂನ್‌ನಲ್ಲಿ ಇವರೇ ಇರುತ್ತಾರೋ ಇಲ್ಲವೋ ಎಂದು ಹುಡುಗರು ಅನುಮಾನದಿಂದ ನೋಡುವ ಬೋಧಕರಿಂದ ಎರಡು ವರ್ಷದ ಕಸುಬನ್ನು ಕಲಿಯುವುದು ಹೇಗೆ? ಒಂದು ಫಿಟ್ಟರ್ ಯೂನಿಟ್ಟಿಗೆ 20 ಹುಡುಗರೆಂದು ಲೆಕ್ಕ. ಪಕ್ಕದ ಯೂನಿಟ್ಟಿನಲ್ಲಿ ಬೋಧಕರಿಲ್ಲದಿದ್ದರೆ ಅದೂ ಇವರ ತಲೆಗೆ. ಆಗ ಯಾರ ಪಾದ ನೋಡುವುದು, ಯಾರ ಅರದ ಸದ್ದು ಕೇಳುವುದು? ಕಬ್ಬಿಣದ ಪಟ್ಟಿ, ಎಲೆಕ್ಟ್ರೋಡು, ಹ್ಯಾಕ್‌ಸಾ ಬ್ಲೇಡು ಹೊತ್ತಿಗೆ ಬಾರದೆ ಬೋಧಕರು ಕೈಯಿಂದ ಹಣ ಹಾಕಿ ತರುವುದು ಅಗೌರವ. ಹೊಸ ಯಂತ್ರ ಬಂದಾಗ ಅದನ್ನು ಮೊದಲು ಬೋಧಕರಿಗೆ ಪೂರ್ತಿ ಕಲಿಸದೆ ಉದ್ಘಾಟನೆಯ ರಿಬ್ಬನ್ ಕತ್ತರಿಸುವುದೂ ಅದೇ ಜಾತಿಯದು.

ಎಲ್ಲಕ್ಕಿಂತ ನನಗೆ ಬೇಸರ ತರಿಸುವುದು ಅಂಕಿಯ ಹುಚ್ಚು. ಉದ್ಯೋಗ ಮೇಳದಲ್ಲಿ ಎಷ್ಟು ಜನಕ್ಕೆ ನೇಮಕ ಪತ್ರ ಕೊಟ್ಟಿರಿ ಎಂದು ಕೇಳುತ್ತಾರೆ. ಪತ್ರ ಪಡೆದವರು ಆರು ತಿಂಗಳಾದ ಮೇಲೆ ಅಲ್ಲಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಪತ್ರದ ಲೆಕ್ಕವನ್ನಷ್ಟೇ ಕೇಳತೊಡಗಿದ ದಿನ ತರಬೇತುದಾರರೂ ಪತ್ರ ಎಣಿಸಲು ಕಲಿಯುತ್ತಾರೆ, ಆ ಎರಡು ಫೋನ್ ಮಾಡುವುದನ್ನು ಬಿಡುತ್ತಾರೆ.

ಇಲ್ಲಿ ಒಂದು ಭಿನ್ನಾಭಿಪ್ರಾಯವನ್ನೂ ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಕೈಯಲ್ಲಿ ಉಳಿ ಹಿಡಿದವನಿಗೆ ಹಣ ಸಿಗುವುದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಅದು ಕುಟುಂಬದಿಂದ ಬಂದ ಸಾಂಪ್ರದಾಯಿಕ ಕಸುಬಿಗೆ ಎಂದು ಹೇಳುತ್ತದೆ. ತಮಿಳುನಾಡು ಸರ್ಕಾರ ಇದೇ ಕಾರಣಕ್ಕೆ ಆ ಯೋಜನೆಯನ್ನು ಈಗಿನ ರೂಪದಲ್ಲಿ ಒಲ್ಲೆವೆಂದಿತು. ಎಪ್ಪತ್ತು ವರ್ಷ ಜೆಟಿಒಗಳು ಮನೆಯಿಂದ ಹೊರಗೆ ತಂದ ಕಸುಬನ್ನು ಮತ್ತೆ ಮನೆಯೊಳಗೆ ಕಳಿಸುವ ಮಾತು ಅದರಲ್ಲಿ ಕೇಳಿಸಿದರೆ ಎಚ್ಚರವಾಗಿರುವುದು ಒಳ್ಳೆಯದು. ಬಡಗಿಯ ಮಗ ಬಡಗಿಯಾಗಲಿ, ಆದರೆ ಬೇರೆಯವರ ಮಗಳೂ ಆಗಬಹುದೆಂಬ ಬಾಗಿಲು ತೆರೆದಿರಲಿ. ಮಗಳೆಂದು ಬೇಕೆಂದೇ ಹೇಳಿದೆ. ಐಟಿಐಗೆ ಬಂದ ಹುಡುಗಿಯರನ್ನು ನಾವು ಇನ್ನೂ ಹೊಲಿಗೆಯ ಕಡೆಗೇ ತಳ್ಳುತ್ತೇವೆ. ಫಿಟ್ಟರ್ ಬೆಂಚಿಗೆ ಬಂದವರು ಬೆರಳೆಣಿಕೆಯವರು. ಈ ವಿಷಯದಲ್ಲಿ ಬೋಧಕರದೂ ಹೊಣೆಯಿದೆ, ಅವರನ್ನು ಪೂರ್ತಿ ಹೊಗಳಿ ಮುಗಿಸಲು ನನಗೆ ಇಷ್ಟವಿಲ್ಲ.

ಕೊನೆಗೆ ಎರಡು ಬೇಡಿಕೆ. ಮೊದಲನೆಯದು ರಾಜ್ಯ ಸರ್ಕಾರಕ್ಕೆ ಮತ್ತು ಜಿಲ್ಲಾಡಳಿತಗಳಿಗೆ. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲಿ ಸಾಹಿತ್ಯ, ಜಾನಪದ, ಕೃಷಿ, ಕ್ರೀಡೆ, ಮಾಧ್ಯಮ ಎಲ್ಲ ಇವೆ. ಕಸುಬು ಕಲಿಸಿದವರು ಎಂಬ ಒಂದು ಸಾಲನ್ನು ಸೇರಿಸಿ. ನವೆಂಬರ್ 1 ನಮ್ಮ ಭಾಷೆಯ ದಿನವಾದ ಹಾಗೆ ಐಟಿಐಗಳು ರಾಜ್ಯಕ್ಕೆ ಬಂದ ದಿನವೂ ಹೌದು, ಆ ಹಕ್ಕು ಅವರಿಗಿದೆ. ಎರಡನೆಯದು ಈ ಸಭೆಯಲ್ಲಿರುವ ಉದ್ದಿಮೆದಾರರಿಗೆ. ನಿಮ್ಮ ಶೆಡ್ಡಿನಲ್ಲಿ ಕತ್ತರಿಸಿ ಉಳಿದ ಕಬ್ಬಿಣದ ಪಟ್ಟಿ, ಸರಳಿನ ತುಂಡುಗಳನ್ನು ಗುಜರಿಗೆ ಹಾಕುವ ಮುನ್ನ ನಿಮ್ಮ ಊರಿನ ಐಟಿಐಗೆ ಒಂದು ಫೋನ್ ಮಾಡಿ, ಯಾವ ಅಳತೆಯದು ಬೇಕೆಂದು ಜೆಟಿಒ ಅವರನ್ನು ಕೇಳಿ, ಆಟೋದಲ್ಲಿ ಕಳಿಸಿಕೊಡಿ. ಬಾಡಿಗೆ ನೀವೇ ಕೊಡಿ.